ಗುಂಡಿ ಹಾಕದ ಪುಟ

ಬುಗುರಿಗೆ ನಾಳೆ ಏನಾಗುತ್ತದೆಂದು ಬಾಯಲ್ಲಿ ಹೇಳಿದರೆ ಸಾಲದು, ಬಟ್ಟೆಯಲ್ಲಿ ಹೊಲಿದು ಕೊಡಬೇಕು. ಇದನ್ನು ಕಂಡುಹಿಡಿದದ್ದು ಯಾವ ಡಾಕ್ಟರೂ ಅಲ್ಲ, ಅವಳಮ್ಮ. ಬಸ್‌ಸ್ಟಾಪಿನ ಎದುರಿನ ಆರಡಿ ಅಂಗಡಿಯಲ್ಲಿ ಪ್ಯಾಂಟು ಗಿಡ್ಡ ಮಾಡಿ, ಕೆಟ್ಟ ಜಿಪ್ಪು ಬದಲಿಸಿ ಸಂಸಾರ ನಡೆಸುವ ದರ್ಜಿ. ಮಗಳಿಗೆ ಏಳು ವರ್ಷ, ಆಟಿಸಂ ಇದೆ. ಖುಷಿಯಾದರೆ ನಿಂತಲ್ಲೇ ಗಿರಗಿರ ತಿರುಗುತ್ತಾಳೆ, ಅದಕ್ಕೇ ಆ ಹೆಸರು. ಮುಂದೇನೆಂದು ತಿಳಿಯದಿದ್ದರೆ ಕಿರುಚುತ್ತಾಳೆ. ಹಾಗಾಗಿ ಹೊಸಿಲು ದಾಟುವ ಮುಂಚೆ ಒಂದು ಬಟ್ಟೆಪುಸ್ತಕ ಸಿದ್ಧವಿರಬೇಕು. ಕೆಲಸಕ್ಕೊಂದು ಪುಟ, ಪುಟಕ್ಕೊಂದು ಗುಂಡಿ. ಕೂದಲು ಕತ್ತರಿಸಲು ಐದು ಪುಟ, ಹಲ್ಲಿನ ಡಾಕ್ಟರಿಗೆ ಒಂಬತ್ತು. ಒಂದು ಮುಗಿದರೆ ಬುಗುರಿ ಪುಟ ಮಡಿಚಿ ಗುಂಡಿ ಹಾಕುತ್ತಾಳೆ. ಗುಂಡಿ ಬೀಳದೆ ಮುಂದಿನದಕ್ಕೆ ಹೋಗುವ ಮಾತೇ ಇಲ್ಲ.

ಮತ್ಸ್ಯಾಲಯದ ಪುಸ್ತಕಕ್ಕೆ ಹದಿನೇಳು ದಿನ ಹಿಡಿಯಿತು. ಬಸ್ಸು, ಸಾಲು, ಗೇಟು, ಮೀನು, ಮತ್ತೆ ಬಸ್ಸು, ಮನೆ. ಮೀನಿಗೆ ಯಾರದೋ ಮದುವೆ ಉಡುಪಿನಲ್ಲಿ ಉಳಿದ ಸ್ಯಾಟಿನ್ ಚೂರು. ಬುಗುರಿ ಅದನ್ನು ಸವರಿ ಸವರಿ ಮಾಸಲು ಮಾಡಿದ್ದಳು.

ಭಾನುವಾರ ಮುಕ್ಕಾಲು ಗಂಟೆ ಸಾಲಿನಲ್ಲಿ ನಿಂತರು: ದರ್ಜಿ, ಮಗಳು, ಅತ್ತೆ. ಬುಗುರಿ ಕಿವಿಗೆ ಸದ್ದು ತಡೆಯುವ ಹೆಡ್‌ಫೋನ್ ಹಾಕಿ, ಗುಂಯ್ ಎನ್ನುತ್ತ ತೂಗಾಡುತ್ತಿದ್ದಳು. ಗೇಟಿನವನು ಟಿಕೆಟ್ ಕೈಗೆ ತೆಗೆದುಕೊಳ್ಳಲೇ ಇಲ್ಲ.

"ಈ ಮಗೂಗೆ ಏನಮ್ಮ ತೊಂದರೆ?"

"ತೊಂದರೆ ಏನಿಲ್ಲ. ಆಟಿಸಂ."

"ಅದನ್ನೇ ಕೇಳಿದ್ದು." ಅವನು ಗೋಡೆಯ ಫಲಕ ತೋರಿಸಿದ. ಇತರರ ವೀಕ್ಷಣೆಗೆ ಅಡ್ಡಿಪಡಿಸುವವರಿಗೆ ಪ್ರವೇಶವಿಲ್ಲ.

"ಅವಳಿನ್ನೂ ಒಳಗೇ ಹೋಗಿಲ್ಲ. ಅಡ್ಡಿ ಎಲ್ಲಿಂದ ಬಂತು?"

ಮ್ಯಾನೇಜರ್ ಬಂದ. ಕಿರುಚಿದರೆ ಮೀನುಗಳು ಗಾಬರಿಯಾಗುತ್ತವೆ ಎಂದ. ಅಷ್ಟರಲ್ಲಿ ಹಿಂದೆ ನಿಂತಿದ್ದ ಹುಡುಗನೊಬ್ಬ ಕಿವಿ ತೂತಾಗುವಂತೆ ಪೀಪಿ ಊದಿದ.

"ಆ ಪೀಪಿ ಕೇಳಿದ್ರೆ ನಿಮ್ಮ ಮೀನು ಕುಣಿಯುತ್ತೇನೋ!" ಎಂದರು ಅತ್ತೆ.

ಮ್ಯಾನೇಜರ್ ನಗಲಿಲ್ಲ. "ಬುಧವಾರ ನಮಗೆ ರಜ. ಫೋನ್ ಮಾಡಿ ಬನ್ನಿ, ಯಾರೂ ಇರಲ್ಲ, ತೋರಿಸ್ತೀನಿ. ಇವತ್ತೇ ಬೇಕಂದ್ರೆ ಇದಕ್ಕೆ ಸಹಿ ಹಾಕಿ." ಮಗು ಸದ್ದು ಮಾಡಿದ ತಕ್ಷಣ ಹೊರಗೆ ಕರೆದೊಯ್ಯುತ್ತೇನೆ ಎಂಬ ಮುಚ್ಚಳಿಕೆ ಅದು.

"ಇದನ್ನ ಎಲ್ಲರ ಹತ್ರಾನೂ ಬರೆಸ್ಕೋತೀರಾ?"

"ಅವರ ಹತ್ರ ಯಾಕಮ್ಮ?"

"ಹಾಗಾದ್ರೆ ನನ್ನ ಹತ್ರ ಯಾಕೆ?"

ಇಂಥ ಕಾಗದ ಅವಳಿಗೆ ಹೊಸದಲ್ಲ. ಶಾಲೆಯಲ್ಲಿ ಸಹಿ ಹಾಕಿದ್ದಳು, ಬೊಂಬೆಯಾಟದ ಹಾಲಿನಲ್ಲಿ ಹಾಕಿದ್ದಳು, ಈಜುಕೊಳದಲ್ಲಿ ಹಾಕಿದ್ದಳು. ನೀರು ಕಂಡು ಬುಗುರಿ ಕೇಕೆ ಹಾಕಿದ್ದೇ ತಡ, ಈಜುಕೊಳದವರು ಅದೇ ಕಾಗದವನ್ನು ಮುಖಕ್ಕೆ ಹಿಡಿದಿದ್ದರು. ತನ್ನ ಮಗಳನ್ನು ಹೊರಹಾಕಲು ತಾನೇ ಬರೆದುಕೊಟ್ಟ ಅಪ್ಪಣೆ! ಇನ್ನು ಸಹಿ ಹಾಕುವುದಿಲ್ಲ ಎಂದು ಅಂದೇ ನಿರ್ಧರಿಸಿದ್ದಳು.

ಅತ್ತೆ ಕಿವಿಯಲ್ಲಿ ಪಿಸುಗುಟ್ಟಿದರು. "ಆ ಮೀನಿನ ಪುಟ ಕಿತ್ತುಬಿಡೇ. ಗೇಟಾದ ಮೇಲೆ ಬಸ್ಸು ಅಂತ ತೋರಿಸು, ಮಗು ಸುಮ್ಮನೆ ಬರುತ್ತೆ."

ಕತ್ತರಿ ದರ್ಜಿಯ ಚೀಲದಲ್ಲೇ ಇತ್ತು. ಒಂದೆಳೆ ಕತ್ತರಿಸಿಯೂ ಬಿಟ್ಟಳು. ಸ್ಯಾಟಿನ್ ಮೀನಿನ ಮೇಲೆ ಬುಗುರಿಯ ಬೆರಳು. ತಪ್ಪು ತನ್ನದೇ ಎನ್ನುವುದು ದರ್ಜಿಗೆ ಆಗ ಹೊಳೆಯಿತು: ಸಾಲಿನ ಪುಟ ಹೊಲಿದಿದ್ದಳು, ಗೇಟಿನ ಪುಟ ಹೊಲಿದಿದ್ದಳು, ‘ಇಲ್ಲ’ ಎನ್ನುವ ಪುಟ ಹೊಲಿದಿರಲಿಲ್ಲ. ಟಿಕೆಟ್ ಕೊಂಡವರು ಒಳಗೆ ಹೋಗುತ್ತಾರೆಂದು ನಂಬಿಬಿಟ್ಟಿದ್ದಳು. ಕತ್ತರಿ ಒಳಗಿಟ್ಟಳು.

"ಮಗೂಗೆ ನಾನು ಸುಳ್ಳು ಹೊಲಿದಿಲ್ಲ ಅತ್ತೆ. ಕಿತ್ತರೆ ಸುಳ್ಳಾಗುತ್ತೆ."

ಸಾಲು ಮುಂದೆ ಹೋಯಿತು, ಇವರು ಹೋಗಲಿಲ್ಲ. ಬುಗುರಿ ನೆಲಕ್ಕೆ ಕುಸಿದು ಕಿರುಚತೊಡಗಿದಳು.

"ನೋಡಿದ್ರಾ? ಇದಕ್ಕೇ ಹೇಳಿದ್ದು," ಎಂದ ಮ್ಯಾನೇಜರ್.

"ಮುಕ್ಕಾಲು ಗಂಟೆ ಕಿರುಚದೆ ನಿಂತಿದ್ದ ಮಗು ಅದು. ಕಿರುಚಿಸಿದ್ದು ನೀವು!" ಮಗಳನ್ನು ಹೆಗಲಿಗೆ ಹಾಕಿಕೊಂಡು ಮನೆ ಸೇರುವಷ್ಟರಲ್ಲಿ ತೋಳಿನ ಮೇಲೆ ಮೂರು ಕಡೆ ಹಲ್ಲಿನ ಗುರುತು. ಬುಗುರಿ ಮೂರು ದಿನ ಪುಸ್ತಕ ಹಿಡಿದು ಬಾಗಿಲ ಬಳಿಯೇ ಕೂತಳು. ಬುಧವಾರ ದರ್ಜಿ ಮ್ಯಾನೇಜರಿಗೆ ಫೋನ್ ಮಾಡಲಿಲ್ಲ; ಯಾರೂ ಇಲ್ಲದಾಗ ಕದ್ದು ನೋಡುವುದು ಅವಳಿಗೆ ಬೇಕಿರಲಿಲ್ಲ.

ಶನಿವಾರ ದರ್ಜಿ ‘ಇಲ್ಲ’ದ ಪುಟ ಹೊಲಿದಳು. ಮುಚ್ಚಿದ ಗೇಟು, ಅಂಗೈ ಅಡ್ಡ ಹಿಡಿದ ಮೀಸೆಯವನು. ಮೀನಿನ ಪುಟದ ಮೇಲೆ ಅದನ್ನು ಕಚ್ಚಾ ಹೊಲಿಗೆಯಲ್ಲಿ ಕೂರಿಸಿದಳು. ಒಳಗೆ ಬಿಡದಿದ್ದರೆ ಅದಕ್ಕೆ ಗುಂಡಿ ಹಾಕುವುದು, ಆಗ ಮೀನು ಮುಚ್ಚಿ, ಮುಂದಿನದು ಬಸ್ಸು. ಭಾನುವಾರ ಮತ್ತೆ ಹೋಗಿ ಸಾಲಿನಲ್ಲಿ ನಿಂತರು.

ಗೇಟಿನವನು ಪುಸ್ತಕ ಇಣುಕಿದ. "ಇದು ನಾನಾ? ನನ್ನ ಹೊಟ್ಟೆ ಇಷ್ಟು ದಪ್ಪ ಇದೆಯಾ?"

"ಬಟ್ಟೆ ಸಾಲದೆ ಸಣ್ಣ ಮಾಡಿದಾಳೆ ಕಣಪ್ಪ," ಎಂದರು ಅತ್ತೆ.

ಅವನು ನಕ್ಕ. ಆದರೆ ಒಳಗೆ ಬಿಡಲಿಲ್ಲ. ಅದರ ಮುಂದಿನ ವಾರವೂ ಇಲ್ಲ, ಅದಕ್ಕೂ ಮುಂದಿನ ವಾರವೂ ಇಲ್ಲ. ಪ್ರತಿ ಸಲ ಮ್ಯಾನೇಜರ್ ಅದೇ ಕಾಗದ ಚಾಚುವುದು, ಅವಳು "ಪೆನ್ನು ಮೊದಲು ಹಿಂದಿನವರಿಗೆ ಕೊಡಿ" ಅನ್ನುವುದು.

ಐದನೇ ಭಾನುವಾರ ಗೇಟಿನವನು ಬಾಯಿ ತೆರೆಯುವ ಮುಂಚೆಯೇ ಬುಗುರಿ ಆ ಪುಟ ಮಡಿಚಿ, ಗುಂಡಿ ಹಾಕಿ, ಬಸ್ಸಿನ ಕಡೆ ತಿರುಗಿದಳು. ಕಿರುಚಲಿಲ್ಲ, ಅಳಲಿಲ್ಲ.

"ನಮ್ಮ ಜಾಣೆ! ಎಷ್ಟು ಬೇಗ ಕಲಿತಳು ನೋಡು," ಅತ್ತೆ ನಿಟ್ಟುಸಿರಿಟ್ಟರು.

ದರ್ಜಿಗೆ ಮೈಯೆಲ್ಲ ಉರಿದುಹೋಯಿತು. ಏನು ಕಲಿತಳು? ಹೋಗು ಅನ್ನಿಸಿಕೊಳ್ಳುವ ಮೊದಲೇ ಹೋಗುವುದನ್ನು. ಕಲಿಸಿದ್ದು ಯಾರು? ತನ್ನದೇ ಸೂಜಿ. ಅವಳು ಪುಸ್ತಕ ಕಸಿದುಕೊಂಡು ಆ ಪುಟವನ್ನು ಒಂದೇ ಎಳೆತಕ್ಕೆ ಪರ್ರನೆ ಕಿತ್ತಳು. ಗೇಟಿನವನ ಕೈಗೆ ತುರುಕಿದಳು.

"ತಗೊಳ್ಳಿ. ಇದು ನಿಮ್ಮದು, ನನ್ನ ಮಗಳದಲ್ಲ."

ಕೆಳಗಿನಿಂದ ಸ್ಯಾಟಿನ್ ಮೀನು ಕಂಡಿತು. ಬುಗುರಿ ಬಸ್ಸು ಮರೆತು ವಾಪಸು ಬಂದಳು. ಬೆರಳು ಮೀನಿನ ಮೇಲೆ, ಕಣ್ಣು ಗೇಟಿನ ಮೇಲೆ. ಇನ್ನೆರಡು ನಿಮಿಷಕ್ಕೆ ಕಿರುಚುತ್ತಾಳೆ, ಅದು ಅಮ್ಮನಿಗೆ ಗೊತ್ತು. ಕಿರುಚಲಿ. ಊರೆಲ್ಲ ಕೇಳಲಿ.

"ಪಕ್ಕಕ್ಕೆ ನಿಂತ್ಕೊಳ್ಳಿ, ಹಿಂದೆ ಜನ ಇದಾರೆ," ಎಂದ ಮ್ಯಾನೇಜರ್.

"ಇರಲಿ," ಎಂದಳು ದರ್ಜಿ. ಗೇಟಿನ ತಿರುಗುವ ಕಂಬಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ನಿಂತಳು. "ನಾವೂ ಜನಾನೇ."