ಒಳಗೇ ಉರಿಯುತ್ತಿದ್ದ ಗುಡ್ಡೆ

ಬಿಸಿಯಲ್ಲೇ ಬದುಕುವ ಸೂಕ್ಷ್ಮಜೀವಿಗಳನ್ನು ಹುಡುಕಿಕೊಂಡು ಜನ ಬಿಸಿನೀರಿನ ಬುಗ್ಗೆಗಳಿಗೆ ಹೋಗುತ್ತಾರೆ. ನಾವು ಗುಬ್ಬಿ ದಾಟಿ, ಕಡಬದ ಕಡೆಗಿದ್ದ ಒಂದು ನಾರಿನ ಫ್ಯಾಕ್ಟರಿಗೆ ಹೋಗುತ್ತಿದ್ದೆವು. ತೆಂಗಿನ ಸಿಪ್ಪೆಯಿಂದ ನಾರು ತೆಗೆದ ಮೇಲೆ ಉಳಿಯುವ ಕಂದು ಪುಡಿಗೆ ಅಲ್ಲಿ ಕೋಳಿಗೊಬ್ಬರ ಬೆರೆಸಿ, ಮನೆಯೆತ್ತರ ಗುಡ್ಡೆ ಹಾಕಿ, ತಿಂಗಳುಗಟ್ಟಲೆ ಕೊಳೆಯಲು ಬಿಡುತ್ತಿದ್ದರು. ಕೊಳೆಯುತ್ತಾ ಗುಡ್ಡೆಯ ಒಡಲು ಕಾಯುತ್ತದೆ. ಕೈ ಹಾಕಿದರೆ ಬೊಬ್ಬೆ ಏಳುವಷ್ಟು ಕಾವು. ಆ ಕಾವಿನಲ್ಲೂ ಸಾಯದೆ, ಸುಲಭಕ್ಕೆ ಕೊಳೆಯದ ಆ ಪುಡಿಯನ್ನೇ ತಿಂದು ಬೆಳೆಯುವ ಬ್ಯಾಕ್ಟೀರಿಯಾ ನಮಗೆ ಬೇಕಿತ್ತು.

ನಾವು ಅಂದರೆ ನಾನು ಮತ್ತು ನನ್ನ ಗೈಡ್. ನಾನು ತುಮಕೂರಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದೆ. ಮೇಡಂ ಕುಣಿಗಲ್ ಕಡೆಯವರು, ನಿವೃತ್ತಿಗೆ ಹತ್ತಿರವಾಗಿದ್ದರು. ಮಾದರಿ ತರುವ ಕೆಲಸವನ್ನು ಇನ್ನೊಬ್ಬರಿಗೆ ಬಿಟ್ಟವರಲ್ಲ. ಸೀರೆಯನ್ನು ಮೇಲಕ್ಕೆ ಸಿಕ್ಕಿಸಿ, ಕ್ಯಾನ್ವಾಸ್ ಶೂ ಹಾಕಿಕೊಂಡು ತಾವೇ ಮೊದಲು ಹತ್ತುತ್ತಿದ್ದರು.

ಆ ದಿನ ನಾವು ಹೋದಾಗ ಗುಡ್ಡೆಯಿಂದ ಹಬೆ ಏಳುತ್ತಿತ್ತು. ಹಿಂದಿನ ದಿನ ಮಳೆಯಾಗಿದ್ದರಿಂದ ಅದು ಹೊಸದೇನೂ ಆಗಿರಲಿಲ್ಲ. ಆದರೆ ವಾಸನೆ ಬೇರೆಯಾಗಿತ್ತು. ಗೊಬ್ಬರದ ಘಾಟಿನ ನಡುವೆ ಸುಟ್ಟ ವಾಸನೆಯ ಒಂದು ಎಳೆ.

"ಏನೋ ಸುಡ್ತಿರೋ ಹಂಗಿದೆ ಮೇಡಂ," ಅಂದೆ.

ಫ್ಯಾಕ್ಟರಿ ಮಾಲೀಕರು ಹಿಂದಿನ ಶೆಡ್ಡಿನತ್ತ ಕೈ ತೋರಿಸಿದರು. "ಆ ಕಡೆ ಇದ್ದಿಲಿಗೆ ಚಿಪ್ಪು ಸುಡ್ತಾವ್ರೆ ಕಣಮ್ಮ. ಗಾಳಿ ಇತ್ಲಾಗೇ ಬೀಸ್ತೈತೆ."

ಅಲ್ಲಿ ನಿಜವಾಗಿಯೂ ಹೊಗೆ ಕಾಣುತ್ತಿತ್ತು. ಮೇಡಂ ಉಷ್ಣತೆ ಅಳೆಯುವ ಉದ್ದನೆಯ ಸಲಾಕೆ ಹಿಡಿದು ಹತ್ತಿದರು. ನಾನು ಮಾದರಿಯ ಡಬ್ಬಿಗಳನ್ನು ಹಿಡಿದು ಅರ್ಧದಲ್ಲಿ ನಿಂತೆ. ತುದಿ ಮುಟ್ಟಿ, ಎರಡು ಹೆಜ್ಜೆ ಇಟ್ಟವರು ಇದ್ದಕ್ಕಿದ್ದಂತೆ ಗಿಡ್ಡಗಾದರು. ನನಗೆ ಹಾಗೇ ಕಂಡಿತು. ಗುಡ್ಡೆಯ ಮೇಲಿನ ಗಟ್ಟಿ ಪದರ ಒಡೆದು ಅವರ ಬಲಗಾಲು ತೊಡೆಯವರೆಗೂ ಒಳಗೆ ಹೋಗಿತ್ತು. ಸುತ್ತಲಿಂದ ಹೊಗೆ ಬುಸ್ಸೆಂದು ಎದ್ದಿತು. ಒಳಗೆ ಎಷ್ಟು ದಿನದಿಂದಲೋ ಬೆಂಕಿ ಹತ್ತಿ, ಸದ್ದಿಲ್ಲದೆ ತಿಂದುಕೊಂಡು, ಗುಹೆ ಮಾಡಿಬಿಟ್ಟಿತ್ತು.

ಡಬ್ಬಿ ಎಸೆದು ಓಡಿದೆ. ಅವರು ಕಿರುಚಿದರು, "ಬರ್ಬೇಡ! ಅಲ್ಲೇ ನಿಂತ್ಕೋ! ನೀನೂ ಹೋಗ್ತೀಯ!"

ಕೆಳಗೆ ಮಾಲೀಕರು, "ಪೈಪ್ ತತ್ತಾ, ನೀರ್ ಬುಡ್ಲಾ!" ಎಂದು ಕೂಗುತ್ತಿದ್ದರು. ಕೆಂಡಕ್ಕೆ ನೀರು ಬಿದ್ದರೆ ಏಳುವ ಆವಿ ಬೆಂಕಿಗಿಂತ ಮೊದಲು ಅವರನ್ನು ಬೇಯಿಸುತ್ತದೆ. "ನೀರು ಬೇಡ! ಯಾರೂ ನೀರು ಬಿಡ್ಬೇಡಿ!" ಎಂದು ಅರಚಿದೆ. ನನ್ನ ಗಂಟಲಿಗೆ ಅಷ್ಟು ಶಕ್ತಿಯಿದ್ದದ್ದು ಅವತ್ತೇ ತಿಳಿದದ್ದು.

ಗೊಬ್ಬರ ಮಗುಚುವ ಲೋಡರ್ ಪಕ್ಕದಲ್ಲೇ ನಿಂತಿತ್ತು. ಕೆಳಗಿಳಿದು ಅದರ ಬಕೆಟ್ಟಿನೊಳಗೆ ಹತ್ತಿ ನಿಂತೆ. "ಅವರ ಪಕ್ಕಕ್ಕೆ ಎತ್ತಿ, ಗುಡ್ಡೆಗೆ ತಾಗಿಸ್ಬೇಡಿ," ಅಂದೆ. ಡ್ರೈವರ್ ಎತ್ತಿದ. ಹೊಗೆಗೆ ಕಣ್ಣು ಬಿಡಲಾಗುತ್ತಿರಲಿಲ್ಲ. ಬಕೆಟ್ಟಿನ ಅಂಚಿನಿಂದ ಬಗ್ಗಿ ಅವರ ಎರಡೂ ಕಂಕುಳಿಗೆ ಕೈ ಹಾಕಿದೆ. ಮೊದಲ ಸಲ ಎಳೆದಾಗ ಬರಲಿಲ್ಲ. ಸೀರೆ ಎಲ್ಲೋ ಸಿಕ್ಕಿಕೊಂಡಿತ್ತು. ಅವರು ಅಳುತ್ತಿರಲಿಲ್ಲ, "ಎಳಿ, ಎಳಿ" ಎಂದಷ್ಟೇ ನನ್ನ ಕಿವಿಯಲ್ಲಿ ಹೇಳುತ್ತಿದ್ದರು. ಸೀರೆ ಹರಿದ ಸದ್ದಾಯಿತು. ಇಬ್ಬರೂ ಬಕೆಟ್ಟಿನೊಳಕ್ಕೆ ಬಿದ್ದೆವು.

ನೆಲಕ್ಕಿಳಿಸಿ ಕಾಲಿನ ಮೇಲೆ ತಣ್ಣೀರು ಸುರಿದೇ ಸುರಿದೆ. ಮಾಲೀಕರು ತಮ್ಮ ಕಾರಿನಲ್ಲೇ ಗುಬ್ಬಿ ಆಸ್ಪತ್ರೆಗೆ, ಅಲ್ಲಿಂದ ತುಮಕೂರಿಗೆ ಕರೆದೊಯ್ದರು. ದಾರಿಯುದ್ದಕ್ಕೂ ಮೇಡಂ ನನ್ನ ಮಣಿಕಟ್ಟು ಹಿಡಿದುಕೊಂಡಿದ್ದರು. ಅಷ್ಟು ವರ್ಷದಲ್ಲಿ ಅವರು ನನ್ನನ್ನು ಮುಟ್ಟಿದ್ದು ಅದೇ ಮೊದಲು. ಕಾಲು ಉಳಿಯುತ್ತದೋ ಇಲ್ಲವೋ ಎಂದು ಡಾಕ್ಟರು ಕೆಲವು ದಿನ ಹೇಳಲೇ ಇಲ್ಲ. ಆ ದಿನಗಳಲ್ಲಿ ತುಮಕೂರಿನ ಸದಾಶಿವನಗರದ ನಮ್ಮ ಮನೆಯಲ್ಲಿ ಅಮ್ಮ ಒಲೆ ಹಚ್ಚಿದರೂ ನಾನು ಎದ್ದು ಹೊರಗೆ ಹೋಗುತ್ತಿದ್ದೆ.

ಕಾಲು ಉಳಿಯಿತು. ಇನ್ನೊಂದು ತೊಡೆಯ ಚರ್ಮ ತೆಗೆದು ಮೊಣಕಾಲ ಕೆಳಗೆ ಹಾಕಿದರು. ಮಾದರಿ ಮಾತ್ರ ಒಂದೂ ಸಿಕ್ಕಿರಲಿಲ್ಲ.

ಬೇಸಿಗೆ ಬಂದಾಗ ಅದೇ ಫ್ಯಾಕ್ಟರಿಯ ಹೊಸ ಗುಡ್ಡೆಗೆ ಹೋಗುವುದಾಗಿ ನಾನೇ ಹೇಳಿದೆ. ಬೇಡ ಎನ್ನುತ್ತಾರೆ ಅಂದುಕೊಂಡಿದ್ದೆ. "ನಾನೂ ಬರ್ತೀನಿ," ಅಂದರು. ಕೋಲು ಊರಿಕೊಂಡು ಬಂದು, ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತರು. ಈ ಸಲ ನನ್ನ ಸೊಂಟಕ್ಕೆ ಹಗ್ಗ, ಕಾಲ ಕೆಳಗೆ ಹಲಗೆ. ಹಲಗೆ ಸರಿಸುವ ಮುಂಚೆ ಪ್ರತಿ ಸಲವೂ ಸಲಾಕೆ ಚುಚ್ಚಿ ನೋಡಬೇಕು.

"ಎಷ್ಟು ತೋರಿಸ್ತಿದೆ?"

"ಅರವತ್ತೆರಡು."

"ವಾಸ್ನೆ?"

"ಬರೀ ಗೊಬ್ಬರದ್ದು ಮೇಡಂ."

ಗುಡ್ಡೆಯ ಅಂಚಿನಿಂದ ಒಂದು ಡಬ್ಬಿ ತುಂಬಿಸಿದೆ. ನಡುಭಾಗಕ್ಕೆ ಇನ್ನು ಒಂದೇ ಹಲಗೆಯಷ್ಟು ದೂರ. ಸಲಾಕೆ ಚುಚ್ಚಿದರೆ ಅಂಕಿ ಏರುತ್ತಲೇ ಹೋಯಿತು. ಎಪ್ಪತ್ತು ದಾಟಿಯೂ ನಿಲ್ಲಲಿಲ್ಲ. ಕೆಳಗೆ ಮೇಡಂಗೆ ಕೂಗಿ ಹೇಳಿದೆ.

"ಇಳಿ," ಅಂದರು.

"ಒಂದ್ನಿಮಿಷ ಮೇಡಂ, ಇಲ್ಲೇ ಇದೆ ನಮಗೆ ಬೇಕಾಗಿರೋದು."

"ಇಳಿಯೇ ಅಂದ್ನಲ್ಲ!" ಧ್ವನಿ ಒಡೆದುಹೋಯಿತು. ತಿರುಗಿ ನೋಡಿದರೆ ಕೋಲನ್ನೂ ಬಿಟ್ಟು ಎದ್ದು ನಿಂತಿದ್ದರು.

ಇಳಿದೆ. ಕೋಪ ಬಂದಿತ್ತು. ವಾಪಸ್ ಬರುವಾಗ ಗುಬ್ಬಿಯವರೆಗೂ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಮುಖ ತಿರುಗಿಸಿ ಕುಳಿತಿದ್ದೆ. ಆಮೇಲೆ ಅವರು ಕಿಟಕಿಯತ್ತ ಮುಖ ಮಾಡಿಕೊಂಡೇ, "ನಂಗೆ ಭಯ ಆಯ್ತು ಕಣೇ," ಅಂದರು. ನನ್ನ ಕೋಪಕ್ಕೆ ನಿಲ್ಲಲು ಜಾಗವಿಲ್ಲದಂತಾಯಿತು.

ಆ ಒಂದೇ ಡಬ್ಬಿಯ ಪುಡಿಯಿಂದ ಲ್ಯಾಬಿನ ಗಾಜಿನ ತಟ್ಟೆಗಳಲ್ಲಿ ಬ್ಯಾಕ್ಟೀರಿಯಾ ಬೆಳೆಸಲು ಇಟ್ಟೆ. ವಾರಗಟ್ಟಲೆ ಏನೂ ಬರಲಿಲ್ಲ. ಎಲ್ಲ ತೊಳೆದಿಡೋಣ ಎಂದುಕೊಂಡಿದ್ದಾಗ, ಅರವತ್ತೈದು ಡಿಗ್ರಿಯಲ್ಲಿಟ್ಟ ತಟ್ಟೆಯೊಂದರ ಮೇಲೆ ಹಾಲಿನ ಕೆನೆಯಂಥ ತೆಳು ಪೊರೆ ಕಟ್ಟಿತ್ತು. ಫೋನ್ ಮಾಡಿದ ಕೂಡಲೇ ಮೇಡಂ ಆಟೋದಲ್ಲಿ ಬಂದರು. ಸೂಕ್ಷ್ಮದರ್ಶಕದ ಮುಂದೆ ಕುಳಿತು ಬಹಳ ಹೊತ್ತು ನೋಡಿದರು.

"ಚೆನ್ನಾಗವ್ರೆ," ಅಂದರು, ನೆಂಟರ ಬಗ್ಗೆ ಹೇಳುವಂತೆ. ಆಮೇಲೆ, "ಆದ್ರೆ ಇವರು ಅಂಚಿನೋರು. ಒಳಗಡೆ ಇರೋರೇ ಬೇರೆ. ಮತ್ತೆ ಹೋಗ್ತೀಯಾ?"

"ಹೋಗ್ತೀನಿ ಮೇಡಂ."

ಅವರು ಸೂಕ್ಷ್ಮದರ್ಶಕದಿಂದ ಕಣ್ಣು ಮೇಲೆತ್ತಲಿಲ್ಲ. "ಹೋಗೋ ದಿನ ನಂಗೆ ಹೇಳು. ನಾನು ಬರಲ್ಲ. ಆದ್ರೂ ಹೇಳು."