ಕಾಕಾರ ಹಗ್ಗ ಬಿಚ್ಚಿಸಿದವಳು

ಸುಳ್ಳು ಹೇಳಿದವಳು ನಾನು. ಕಾಲುವೆ ಆಫೀಸಿನವರು ಏನೂ ಹೇಳಿರಲಿಲ್ಲ. ನಡುಚಳಿಗಾಲದಲ್ಲಿ, ಅವರಿಗೆ ಹೋಗಲು ಬೇರೆ ಜಾಗವಿಲ್ಲವೆಂದು ಗೊತ್ತಿದ್ದೂ, ವಲೇರಿಯನ್ ಕಾಕಾ ನಮ್ಮ ದೋಣಿಗೆ ಕಟ್ಟಿದ್ದ ಹಗ್ಗವನ್ನು ನಾನೇ ಬಿಚ್ಚಿಸಿದೆ — ಅದರ ಹಿಂದೆಯೇ ಅವರ ಮೊಣಕಾಲು ಹೋಯಿತು, ನೀರಿನ ಮೇಲಿನ ಬದುಕು ಹೋಯಿತು. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಹೇಳಲು ಹೊರಟರೆ ಎಲ್ಲೋ ಒಂದು ಕಡೆ ನನ್ನನ್ನು ನಾನೇ ಉಳಿಸಿಕೊಂಡುಬಿಡುತ್ತೇನೆ. ನನ್ನ ಬುದ್ಧಿ ನನಗೆ ಗೊತ್ತಿದೆ.

ತೊಂಬತ್ತರ ದಶಕದ ಮಾತು. ನಾನು, ನನ್ನ ಗಂಡ ಮಹಾಂತೇಶ ಲಂಡನ್ನಿನ ಪಶ್ಚಿಮದಲ್ಲಿ, ಸೌತಾಲ್ ಕಡೆಯ ಕಾಲುವೆಯಲ್ಲಿ ಸಂಸಾರ ಹೂಡಿದ್ದೆವು. ಮಹಾಂತೇಶ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಫ್ಲ್ಯಾಟಿನ ಬಾಡಿಗೆ ನಮ್ಮ ಕೈಗೆ ಎಟುಕದ್ದು, ಹಳೆಯದೊಂದು ದೋಣಿ ಎಟುಕಿತು. ದೋಣಿ ಎಂದರೆ ಹುಟ್ಟು ಹಾಕುವ ದೋಣಿಯಲ್ಲ — ರೈಲಿನ ಬೋಗಿಯಂತೆ ಉದ್ದ, ಎರಡು ಕೈ ಚಾಚಿದರೆ ಎರಡೂ ಗೋಡೆ ಸಿಗುವಷ್ಟು ಅಗಲ. ಒಳಗೆ ಒಲೆ, ಹಾಸಿಗೆ, ನೀರಿನ ಟ್ಯಾಂಕು, ಎಲ್ಲವೂ ಉಂಟು.

ಸ್ವಂತ ಜಾಗವಿಲ್ಲದ ನಮ್ಮಂಥವರು ಬೇಸಿಗೆಯಲ್ಲಿ ಎರಡು ವಾರಕ್ಕೊಮ್ಮೆ ದೋಣಿಯನ್ನು ಮುಂದಕ್ಕೆ ಒಯ್ಯಬೇಕು, ಅದು ಕಾನೂನು. ಚಳಿಗಾಲದಲ್ಲಿ ಮಾತ್ರ ಒಂದೇ ದಂಡೆಯಲ್ಲಿ ತಿಂಗಳುಗಟ್ಟಲೆ ನಿಲ್ಲಲು ಕಾಲುವೆ ಆಫೀಸಿನ ಅನುಮತಿ ಸಿಗುತ್ತಿತ್ತು. ಅಂಥ ಜಾಗ ಕಡಿಮೆ. ದಂಡೆ ತುಂಬಿಹೋದರೆ, ಆಮೇಲೆ ಬಂದವರು ಇದ್ದವರ ದೋಣಿಯ ಹೊರಮಗ್ಗುಲಿಗೆ ತಮ್ಮದನ್ನು ಕಟ್ಟುತ್ತಾರೆ. ಆಗ ಒಳಗಿನವರ ದೋಣಿಯ ಮುಂಗಟ್ಟೆಯೇ, ಎಂದರೆ ಬಾಗಿಲ ಮುಂದಿನ ಪುಟ್ಟ ಕಟ್ಟೆಯೇ, ಹೊರಗಿನವರಿಗೆ ನೆಲ ಮುಟ್ಟುವ ದಾರಿ. ಕೇಳಬೇಕಿಲ್ಲ, ಬಾಗಿಲು ಬಡಿಯಬೇಕಿಲ್ಲ — ದಾಟಿಕೊಂಡು ಹೋಗುವುದು. ಬೇಡ ಅನ್ನುವವರನ್ನು ನಾನು ಆ ನೀರಿನ ಮೇಲೆ ಕಂಡಿರಲಿಲ್ಲ.

ಆ ವರ್ಷ ನಮ್ಮ ಹೊರಮಗ್ಗುಲಿಗೆ ಬಂದವರು ವಲೇರಿಯನ್ ಕಾಕಾ. ಉಡುಪಿ ಕಡೆಯ ಕ್ಯಾಥೊಲಿಕ್ ಮನೆತನ, ಮನೆಮಾತು ಕೊಂಕಣಿ. ಹಡಗಿನ ಎಂಜಿನ್ ಕೋಣೆಯಲ್ಲಿ ದುಡಿದು ನಿವೃತ್ತರಾದವರು, ಹೆಂಡತಿ ತೀರಿಕೊಂಡ ಮೇಲೆ ಮನೆ ಬಿಟ್ಟು ದೋಣಿ ಕೊಂಡವರು. ನಾವಿಬ್ಬರೂ ಒಳಗೆ ಜಗಳವಾಡುತ್ತಿದ್ದ ಕನ್ನಡ ಅವರ ಕಿವಿಗೆ ಬಿತ್ತು.

"ಎಂತ ಮಾರಾಯ್ತಿ, ಇಲ್ಲಿಯೂ ಕನ್ನಡದಲ್ಲೇ ಬೈಯೂದಾ?" ಎಂದು ನಕ್ಕರು. ಹುಬ್ಬಳ್ಳಿಯ ರೂಢಿಯಂತೆ ನಾನು ಅವರನ್ನು ಕಾಕಾ ಎಂದೆ. ಹಾಗೆ ಕರೆದರೆ ಮಾಡಿನ ಮೇಲೆ ಕಾಗೆ ಕೂತ ಹಾಗಾಗುತ್ತದೆ ಎಂದು ತಮಾಷೆ ಮಾಡಿದರೂ ಆಮೇಲೆ ಅದಕ್ಕೇ ಓಗೊಟ್ಟರು. ಅವರು ನನ್ನನ್ನು ಬಾಯ್ ಎನ್ನುತ್ತಿದ್ದರು — ಕೊಂಕಣಿಯಲ್ಲಿ ಮಗಳನ್ನು ಕರೆಯುವ ಹಾಗೆ.

ಆ ಚಳಿಗಾಲದಲ್ಲೇ ನಮ್ಮ ಮಗಳು ವೀಣಾ ಹುಟ್ಟಿದಳು. ಬಾಣಂತನಕ್ಕೆಂದು ಅವ್ವ ಹುಬ್ಬಳ್ಳಿಯಿಂದ ಬಂದಳು — ಅಳವಿ, ಅಂಟಿನುಂಡಿ, ಲೋಬಾನ ಕಟ್ಟಿಕೊಂಡು. ದೋಣಿ ನೋಡಿ ಮೂರ್ಛೆ ಹೋಗದಿದ್ದದ್ದೇ ಪುಣ್ಯ. ಆದರೆ ಬಾಣಂತಿಗೆ ಎರೆಯುವುದರಲ್ಲಿ ಅವ್ವ ರಾಜಿಯಾಗುವವಳಲ್ಲ. ದಿನಾ ಕುದಿಯುವ ನೀರು, ಕೊಡಗಟ್ಟಲೆ. ದೋಣಿಯ ಟ್ಯಾಂಕು ಎಷ್ಟೆಂದು ತಾಳೀತು? ವಾರ ನಡೆಯಬೇಕಾದ ನೀರು ಎರಡೇ ದಿನಕ್ಕೆ ಮುಗಿಯತೊಡಗಿತು. ಮಹಾಂತೇಶ ಬೆಳಗಾಗುವ ಮೊದಲೇ ಡಿಪೋಗೆ ಹೋಗುವವರು. ದಂಡೆಯ ನಲ್ಲಿಯಿಂದ ಕ್ಯಾನುಗಳಲ್ಲಿ ನೀರು ಹೊತ್ತು ತಂದವರು ಯಾರು? ಕಾಕಾ. ಆ ವಯಸ್ಸಿನಲ್ಲಿ, ಮಂಜು ಬಿದ್ದ ದಾರಿಯಲ್ಲಿ, ದಿನವೂ. ನಾನು ಮೈಗೆ ಸುರಿದುಕೊಂಡ ಬಿಸಿನೀರೆಲ್ಲ ಅವರ ತೋಳಿನ ಮೇಲೆ ಬಂದದ್ದು. ಇದನ್ನು ಮರೆತು ಮುಂದಿನದನ್ನು ಓದಬೇಡಿ.

ಒಂದು ಮಧ್ಯಾಹ್ನ ಅವ್ವ ನಿದ್ದೆಹೋಗಿದ್ದಳು. ಮಗು ಅತ್ತು ಅತ್ತು ನೀಲಿಗಟ್ಟುತ್ತಿತ್ತು. ನಾನು ಎತ್ತಿಕೊಳ್ಳಲಿಲ್ಲ. ಹಾಸಿಗೆಯ ಅಂಚಿನಲ್ಲಿ ಕೂತು, ಕಿವಿ ಮುಚ್ಚಿಕೊಂಡು ನಾನೂ ಅಳುತ್ತಿದ್ದೆ — ಎಷ್ಟು ಹೊತ್ತಿನಿಂದಲೋ, ಯಾತಕ್ಕೋ. ಕಿಟಕಿಯಾಚೆ ನೆರಳು ಸರಿಯಿತು. ಕಾಕಾ, ಎರಡೂ ಕೈಯಲ್ಲಿ ನೀರಿನ ಕ್ಯಾನು. ನನ್ನನ್ನು ನೋಡಿದರು, ಮಗುವನ್ನು ನೋಡಿದರು. ಕ್ಯಾನುಗಳನ್ನು ಸದ್ದಾಗದಂತೆ ಇಳಿಸಿ ಹೋದರು.

ಅಷ್ಟೇ. ಅವರು ಮಾಡಿದ ತಪ್ಪು ಅಷ್ಟೇ — ನನ್ನನ್ನು ನೋಡಿದ್ದು. ಅಂದಿನಿಂದ ಮುಂಗಟ್ಟೆಯ ಮೇಲೆ ಅವರ ಬೂಟಿನ ಸದ್ದು ಕೇಳಿದರೆ ನನ್ನ ಮೈ ಉರಿಯುತ್ತಿತ್ತು. ಮಗುವಿನ ನಿದ್ದೆ ಕೆಡುತ್ತದೆ ಎಂದು ಅವ್ವನೆದುರು ಗೊಣಗಿದೆ. ಅವ್ವ ಅಂದಳು, "ಬಾಣಂತಿ ಕೋಣಿ ಮುಂದ ಹಾಯಬ್ಯಾಡ್ರಿ, ಹಿಂದಿಂದ ಹೋಗ್ರಿ ಅಂತ ಹೇಳಿದ್ರಾತು. ಅಷ್ಟು ತಿಳಿಯಂಗಿಲ್ಲನು ಆ ಮನಶಾಗ?" ಹೌದು, ಅಷ್ಟೇ ಸಾಕಾಗಿತ್ತು. ಬಾಣಂತನವೆಂದರೆ ಏನೆಂದು ಅವರಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಆದರೆ ಹಿಂದಿನಿಂದ ಹೋದರೂ ಅವರು ನನ್ನ ಪಕ್ಕದಲ್ಲೇ ಇರುತ್ತಿದ್ದರಲ್ಲ — ನನಗೆ ಅವರು ಇರುವುದೇ ಬೇಡವಾಗಿತ್ತು.

ಮರುದಿನ ಅವರು ಪೇಟೆಯಿಂದ ಬರುವುದನ್ನೇ ಕಾದು ನಿಂತು ಹೇಳಿದೆ. "ಕಾಕಾ, ಆಫೀಸಿನಾವ ಬಂದಿದ್ದ. ಚಳಿಗಾಲದಾಗ ಎರಡು ದೋಣಿ ಜೋಡಿಸಿ ಕಟ್ಟೂ ಹಂಗಿಲ್ಲಂತ. ನಿಮಗ ಹೇಳು ಅಂದಾನ."

"ಹೌದಾ? ಮೊನ್ನೆ ಸಿಕ್ಕಿದಾಗ ನನ್ನ ಹತ್ರ ಎಂತದೂ ಹೇಳ್ಲಿಲ್ಲ ಅವ."

"ಇವತ್ತ ಬಂದಿದ್ದ. ನೀವಿರಲಿಲ್ಲ."

ಕಾಕಾ ಕಾಲುವೆಯ ಉದ್ದಕ್ಕೂ ನೋಡಿದರು. ದಂಡೆ ತುಂಬಿತ್ತು. ಮುಂದೆ ಹೋಗುವಂತಿಲ್ಲ, ದೋಣಿಗಳನ್ನು ಏರಿಸಿ ಇಳಿಸಿ ದಾಟಿಸುವ ಅಲ್ಲಿನ ನೀರಬಾಗಿಲು, ಲಾಕ್, ರಿಪೇರಿಗೆಂದು ಮುಚ್ಚಿದ್ದರು. ಹಿಂದೆಯೂ ಒಂದು ಗೇಣು ಜಾಗವಿರಲಿಲ್ಲ. ಇದೆಲ್ಲ ನನಗೆ ಗೊತ್ತಿತ್ತು. "ನಿಂಗೆ ತೊಂದ್ರೆ ಆಗೂದು ಬೇಡ ಬಾಯ್," ಎಂದರು. ಸಂಜೆಯೊಳಗೆ ಹಗ್ಗ ಬಿಚ್ಚಿಕೊಂಡು ಎದುರಿನ ದಡಕ್ಕೆ ಹೋದರು. ಅಲ್ಲಿ ದಾರಿಯಿಲ್ಲ, ಗೋದಾಮಿನ ಹಿಂಗೋಡೆ, ಮುಳ್ಳಿನ ಪೊದೆ ಅಷ್ಟೇ. ನೆಲಕ್ಕೆ ಬರಬೇಕೆಂದರೆ ಪುಟ್ಟ ತಗಡಿನ ತೆಪ್ಪದಲ್ಲಿ ಕಾಲುವೆ ದಾಟಿಯೇ ಬರಬೇಕು.

ಆಮೇಲೆ ನೀರು ಹೆಪ್ಪುಗಟ್ಟಿತು. ತೆಪ್ಪ ನಡೆಸಲು ಬಿಡದಷ್ಟು ಗಟ್ಟಿ, ಕಾಲಿಟ್ಟರೆ ಒಡೆಯುವಷ್ಟು ತೆಳು. ಮಹಾಂತೇಶ ಹಗ್ಗ ಎಸೆದು ಬ್ರೆಡ್ಡು, ಹಾಲು ಜಾರಿಸಿ ಕಳಿಸಿದರು, ಕಲ್ಲಿದ್ದಲಿನ ಮೂಟೆ ಕಳಿಸಲಾಗಲಿಲ್ಲ. ಅವರ ಹೊಗೆಕೊಳವೆಯನ್ನು ನಾನು ಕಿಟಕಿಯಿಂದ ನೋಡುತ್ತಲೇ ಇದ್ದೆ. ಹೊಗೆ ಎಳೆಯಾಯಿತು. ಒಂದು ಬೆಳಿಗ್ಗೆ ಇರಲೇ ಇಲ್ಲ. ಆಗಲಾದರೂ ಬಾಯಿ ಬಿಟ್ಟು, ಬನ್ನಿ ಕಾಕಾ, ಎಲ್ಲರೂ ಸೇರಿ ಐಸ್ ಒಡೆದು ನಿಮ್ಮ ದೋಣಿಯನ್ನು ಇತ್ತ ಎಳೆಯುತ್ತೇವೆ, ಎಂದಿದ್ದರೆ — ಅನ್ನಲಿಲ್ಲ. ಅಂದರೆ ಸುಳ್ಳು ಹೊರಬೀಳುತ್ತಿತ್ತು.

ಅವರೇ ಕೋಲಿನಿಂದ ಐಸ್ ಒಡೆಯುತ್ತ ತೆಪ್ಪದಲ್ಲಿ ಹೊರಟರು. ನಡುವೆ ತೆಪ್ಪ ಮಗುಚಿತು. ಮಹಾಂತೇಶ ಮತ್ತು ಅಕ್ಕಪಕ್ಕದ ದೋಣಿಯವರು ಎಳೆದು ತಂದರು. ಪ್ರಾಣ ಉಳಿಯಿತು. ಮೊಣಕಾಲು ದಂಡೆಯ ಕಲ್ಲಿಗೆ ಬಡಿದು ಪುಡಿಯಾಗಿತ್ತು. ಆಸ್ಪತ್ರೆಯಿಂದ ಅವರು ಹೋದದ್ದು ಲಂಡನ್ನಿನ ಇನ್ನೊಂದು ತುದಿಯ ಈಸ್ಟ್ ಹ್ಯಾಮ್‌ನಲ್ಲಿರುವ ತಂಗಿಯ ಮಗಳ ಮನೆಗೆ. ದೋಣಿಯನ್ನು ಒಂದು ಯಾರ್ಡಿನಲ್ಲಿ ನೆಲದ ಮೇಲೆತ್ತಿ ತಾಡಪಾಲು ಹೊದಿಸಿದರು. ಮಾರಲು ಅವರಿಗೆ ಮನಸ್ಸು ಬರಲಿಲ್ಲ.

ಆಫೀಸಿನವರ ಮೇಲೆ ದೂರು ಕೊಡುತ್ತೇನೆಂದು ಮಹಾಂತೇಶ ಹಾರಾಡಿದರು. ಹೋಗಲಿ ಬಿಡ್ರಿ, ಅವರ ಜೋಡಿ ಜಗಳ ಯಾಕ, ಎಂದು ತಡೆದವಳು ನಾನು. ಎಷ್ಟು ಸಮಾಧಾನದ ಹುಡುಗಿ ಎಂದು ಕಾಕಾ ಹೊಗಳಿದರು. ಆ ಹೊಗಳಿಕೆಯನ್ನೂ ನಾನು ತೆಗೆದುಕೊಂಡೆ. ನಾಚಿಕೆಗೇಡು.

ಹೀಗೇ ಹತ್ತು ಹನ್ನೆರಡು ವರ್ಷಗಳು ಹೋದವು. ಕಾಕಾ ಕೋಲೂರಿಕೊಂಡು ಟ್ಯೂಬ್ ರೈಲು ಹತ್ತಿ ಬರುತ್ತಿದ್ದರು. ವೀಣಾಗೆ ಗಂಟು ಹಾಕುವುದನ್ನು ಕಲಿಸಿದರು. ಅವರು ಕನ್ನಡದಲ್ಲಿ ಹೇಳುವುದು, ಅವಳು ಇಂಗ್ಲಿಷಿನಲ್ಲಿ ಉತ್ತರಿಸುವುದು — ಇಬ್ಬರಿಗೂ ಅದರಲ್ಲಿ ಕೊರತೆ ಕಾಣಲಿಲ್ಲ. ಚಹ ಕುಡಿಯುತ್ತ ಆ ಆಫೀಸಿನ ಮನುಷ್ಯನನ್ನು ಒಮ್ಮೆ ಬೈದೇ ಹೋಗುವರು. ನಾನು ಇನ್ನೊಂದು ಲೋಟ ಚಹ ಬಸಿಯುತ್ತಿದ್ದೆ.

ಈಗ ನಮಗೆ ಅದೇ ಕಾಲುವೆಯಲ್ಲಿ ಸ್ವಂತ ಜಾಗ ಸಿಕ್ಕಿದೆ, ಹೊರಮಗ್ಗುಲಿಗೆ ಇನ್ನೊಂದು ದೋಣಿ ಕಟ್ಟಿಸಿಕೊಳ್ಳಲು ಒಪ್ಪಿಗೆಯೂ ಇದೆ. ಈ ಚಳಿಗಾಲದ ಶುರುವಿನಲ್ಲಿ ಸುದ್ದಿ ಬಂತು — ಕಾಕಾರ ದೋಣಿ ಇರುವ ಯಾರ್ಡ್ ಮುಚ್ಚಿ ಫ್ಲ್ಯಾಟ್ ಕಟ್ಟುತ್ತಾರಂತೆ. ವಸಂತದೊಳಗೆ ದೋಣಿ ನೀರಿಗಿಳಿಯಬೇಕು, ಇಲ್ಲವೆ ಗುಜರಿಗೆ ಹೋಗಬೇಕು. ನಮ್ಮ ಪಕ್ಕಕ್ಕೆ ತನ್ನಿ ಎಂದು ಮಹಾಂತೇಶ ಫೋನಿನಲ್ಲಿ ಗೋಗರೆದರು. ಕಾಕಾ ಒಪ್ಪಲಿಲ್ಲ. "ಬೇಡ ಮಾರಾಯ. ಚಳಿಗಾಲ ಬಂದ ಕೂಡ್ಲೆ ಪುನಃ ಏಳಿಸ್ತಾರೆ. ನನ್ನಿಂದ ನಿಮ್ಮ ಜಾಗಕ್ಕೂ ಸಂಚಕಾರ. ಗುಜರಿಗೆ ಹೋದ್ರೆ ಹೋಗ್ಲಿ."

ನನ್ನ ಸುಳ್ಳು ಇನ್ನೂ ಅವರನ್ನು ತಡೆಯುತ್ತಿದೆ. ಅದೂ ನನ್ನ ಒಳಿತಿಗೆಂದು ಅವರು ತಡೆದು ನಿಂತಿದ್ದಾರೆ.

ನಾನೇ ಈಸ್ಟ್ ಹ್ಯಾಮಿಗೆ ಹೋದೆ. ಮನೆಯಲ್ಲಿ ಕಾಕಾ ಒಬ್ಬರೇ ಇದ್ದರು. ದಾರಿಯುದ್ದಕ್ಕೂ ಸತ್ಯ ಹೇಳುವೆನೆಂದು ಗಟ್ಟಿ ಮಾಡಿಕೊಂಡು ಹೋದವಳು, ಕೂತ ಕೂಡಲೇ ಏನೆಂದೆ ಗೊತ್ತೆ? "ಕಾಕಾ, ಆ ರೂಲ್ ಈಗ ಬದಲಾಗೈತಿ."

ಕಾಕಾರ ಮುಖ ಅರಳಿತು. "ಹೌದಾ! ಹಾಗಾದ್ರೆ ನಾಳೆಯೇ ಆಫೀಸಿಗೆ ಹೋಗಿ ಒಂದು ಥ್ಯಾಂಕ್ಸ್ ಹೇಳಿ ಬರ್ತೇನೆ. ಅವರಿಗೆ ಬೈದದ್ದು ಸ್ವಲ್ಪವಾ ನಾನು?"

ಕೋಟು ಎಲ್ಲಿದೆ ಎಂದು ಆಗಲೇ ಹುಡುಕತೊಡಗಿದ್ದರು. ನನ್ನಿಂದ ತಡೆಯಲಾಗಲಿಲ್ಲ.

"ರೂಲ್ ಇರಲೇ ಇಲ್ಲ ಕಾಕಾ. ಆಫೀಸಿನಾವ ಬಂದಿರಲಿಲ್ಲ. ನಾನಽ ಹೇಳಿದ್ದು."

ಕಾಕಾ ನಿಧಾನವಾಗಿ ಕೂತರು. ಮೊಣಕಾಲಿನ ಮೇಲೆ ಕೈಯಿಟ್ಟುಕೊಂಡರು — ಬೇಕೆಂದಲ್ಲ, ಅವರು ಯಾವಾಗಲೂ ಹಾಗೆಯೇ ಕೂರುವುದು. ಆಮೇಲೆ ಕೇಳಿದರು, "ಅಂದ್ರೆ, ನಾನು ಅಲ್ಲೇ ಇರ್ಬಹುದಿತ್ತು?"

"ಹೌದು ಕಾಕಾ."

"ಇಷ್ಟು ವರ್ಷ?"

"ಹೌದು." ಆಗ ನನ್ನ ಬಾಯಿ ತಾನಾಗಿ ಹೊರಳಿತು — "ಆಗ ನನಗ ನಿದ್ದಿ ಇರಲಿಲ್ಲ, ಕೂಸು ಅಳತಿತ್ತು—"

ಕೈಯೆತ್ತಿ ನಿಲ್ಲಿಸಿದರು. "ಮಗುವನ್ನು ಇದರಲ್ಲಿ ತರ್ಬೇಡ. ಅವಳಿಗೂ ನೀನೇ ಹೇಳ್ಬೇಕು. ಆದ್ರೆ ಅವಳಿಂದಾಗಿ ಅಂತ ಮಾತ್ರ ಹೇಳ್ಬಾರ್ದು." "ಆ ಆಫೀಸಿನವ ಪಾಪದವ, ಅವ ಎಂತದೂ ಮಾಡ್ಲಿಲ್ಲ," ಎಂದರು. "ನೀನೀಗ ಹೋಗು."

ಹೋದೆ. ಟ್ಯೂಬಿನಲ್ಲಿ ಎಲ್ಲಿ ಇಳಿದೆ, ಎಲ್ಲಿ ಹತ್ತಿದೆ ನೆನಪಿಲ್ಲ. ಮಹಾಂತೇಶರಿಗೆ ಹೇಳಿದೆ. ಅವರು ಎದ್ದು ದಂಡೆಗೆ ಹೋದವರು ಕತ್ತಲಾದ ಮೇಲೆ ಬಂದರು, ಈಗಲೂ ನನ್ನೊಡನೆ ಅಗತ್ಯವಿದ್ದಷ್ಟೇ ಮಾತು. ವೀಣಾಳನ್ನು ಕೂರಿಸಿಕೊಂಡು ಹೇಳಿದೆ. ನೀನು ಅತ್ತಿದ್ದಕ್ಕಲ್ಲ, ಅಜ್ಜಿ ಅಂದಿದ್ದಕ್ಕಲ್ಲ. ನಾನು ಸೋತು ಕೂತಿದ್ದನ್ನು ಅವರು ನೋಡಿದರು, ನನಗೆ ಅದನ್ನು ಸಹಿಸಲಾಗಲಿಲ್ಲ, ಅದಕ್ಕೆ ಕಳಿಸಿಬಿಟ್ಟೆ. ಅವಳು ಕೇಳಿದ್ದು ಒಂದೇ: "ಸೋ ಹಿ ಕೆನ್ ಕಮ್ ಬ್ಯಾಕ್?"

ಗೊತ್ತಿಲ್ಲ ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ.

ಎಷ್ಟೋ ದಿನಗಳ ಮೇಲೆ ಕಾಕಾರ ಫೋನ್ ಬಂತು. ಮಹಾಂತೇಶರನ್ನು ಕೇಳಲಿಲ್ಲ, ನನ್ನನ್ನೇ ಕೇಳಿದರು. ಹೊರಮಗ್ಗುಲಲ್ಲಿ ನೀರೆಷ್ಟು ಆಳ ಉಂಟು, ದಾಟುವಲ್ಲಿ ಹಿಡಿದುಕೊಳ್ಳಲಿಕ್ಕೆ ಸರಳು ಉಂಟಾ ಎಂದು ವಿಚಾರಿಸಿದರು. ಸರಳು ಇಲ್ಲ, ಹಾಕಿಸುತ್ತೇವೆ ಎಂದೆ. ಆಮೇಲೆ ಕಾಕಾ ಅಂದರು, "ಒಂದು ಮಾತು ಉಂಟು. ನನ್ನ ಮೇಲೆ ಸಿಟ್ಟು ಬಂದ್ರೆ ನನಗೇ ಹೇಳ್ಬೇಕು. ಬೇರೆ ಯಾರ ಹೆಸರೂ ತೆಗೀಬಾರ್ದು."

"ನಿಮಗಽ ಹೇಳತೇನಿ ಕಾಕಾ," ಎಂದೆ. ಬಾಯ್ ಎಂದು ಅವರು ನನ್ನನ್ನು ಕರೆಯಲಿಲ್ಲ.

ಆ ಆಫೀಸಿನ ಮನುಷ್ಯ ಈಗ ಎಲ್ಲಿದ್ದಾನೋ. ಮಾಡದ ತಪ್ಪಿಗೆ ಇಷ್ಟು ವರ್ಷ ನಮ್ಮ ಮನೆಯಲ್ಲಿ ಬೈಸಿಕೊಂಡ. ನಾನು ಇದನ್ನು ಬರೆಯುತ್ತಿರುವುದು ಅವನ ಸಲುವಾಗಿಯೂ ಹೌದು. ಕಾಕಾ ಕ್ಷಮಿಸಿದ್ದಾರೆ ಎಂದು ನಾನು ಹೇಳುವುದಿಲ್ಲ, ಅವರೂ ಹೇಳಿಲ್ಲ. ಶನಿವಾರ ಅವರ ದೋಣಿಯನ್ನು ನೀರಿಗಿಳಿಸುತ್ತಾರೆ. ಅವರು ನನ್ನನ್ನು ಬಾ ಎಂದಿಲ್ಲ. ನಾನು ಹೋಗುತ್ತೇನೆ.