ಗಾಳಿ ತುಳಿಯುವವರು, ಸ್ವರ ತುಳಿಯುವವರು

ಗೆಳೆಯರೇ, ಸಂಜೆ ಕಾಮಗೆರೆಯ ಮದುವೆಯಲ್ಲಿ ನಮ್ಮ ಆರ್ಕೆಸ್ಟ್ರಾ. ನನ್ನ ಎಲೆಕ್ಟ್ರಿಕ್ ಗಿಟಾರಿಗೆಂದು ಬೆಂಗಳೂರಿನಿಂದ ಕಾಲಲ್ಲಿ ತುಳಿದು ಸ್ವರ ಬದಲಿಸುವ ಎರಡು ಪೆಡಲ್ ಬಂದಿವೆ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಮಧ್ಯಾಹ್ನದ ಬಸ್ಸಿಗೆ ವಾಪಸು ಕೊಡಬೇಕು. ಫಜ್ ಪೆಡಲನ್ನು ಒಮ್ಮೆ ತುಳಿದರೆ ಸಾಕು, ಮತ್ತೆ ತುಳಿದು ನಿಲ್ಲಿಸುವವರೆಗೆ ಸ್ವರ ಗರಗರ ಎನ್ನುತ್ತಲೇ ಇರುತ್ತದೆ. ಸ್ವರ 'ವಾ ವಾ' ಎನ್ನಬೇಕಾದರೆ ವಾ-ವಾ ಪೆಡಲನ್ನು ಹಾಡಿನುದ್ದಕ್ಕೂ ತುಳಿಯುತ್ತಲೇ ಇರಬೇಕು.

ತುಳಿದು ನೋಡುತ್ತಿದ್ದೆ. ನಮ್ಮ ಹಾರ್ಮೋನಿಯಂ ಮೇಷ್ಟ್ರು ಎದ್ದುನಿಂತರು. "ವಾದ್ಯವ ಕಾಲಲ್ಲಿ ತುಳೀತಿದ್ದೀಯೇನ್ಲಾ? ತುಳಿದಾಗೆಲ್ಲ ಮುಟ್ಟಿ ಕಣ್ಗೊತ್ಕೋ. ಇಲ್ದಿದ್ರೆ ನಾ ಬರಾಕಿಲ್ಲ."

"ನೀವು ಕಾಲು ಆರ್ಮೋನಿಯಂ ತುಳಿಯಾಕಿಲ್ವಾ ಸಾ?"

"ನಾ ತುಳಿಯಾದು ಗಾಳಿಯ ಕಣ್ಲಾ. ನೀ ತುಳಿಯಾದು ಸ್ವರವ."

ವಾ-ವಾ ಬಸ್ಸು ಹತ್ತಿತು. ಫಜ್ಜನ್ನು ಒಂದೇ ಸಲ ತುಳಿದು ಕಣ್ಣಿಗೊತ್ತಿಕೊಳ್ಳುತ್ತೇನೆ; ಮದುವೆ ಮುಗಿಯುವವರೆಗೆ ಮತ್ತೆ ಮುಟ್ಟುವುದಿಲ್ಲ. ಇವತ್ತು ಮೇಷ್ಟ್ರ ಗಣೇಶ ಸ್ತುತಿಯೂ ಗರಗರ ಎನ್ನುತ್ತದೆ.